ಮುನೇಶನ ಬ್ರಾಕೆಟ್ಟು, ಕಲಾವತಿಯ ಬೆರಳು

“ಇನ್ನು ಹದಿನೈದೇ ದಿನ! ಶೆಟ್ಟಿಹಳ್ಳಿಯ ಇತಿಹಾಸದಲ್ಲೇ ಯಾರೂ ತೆಗೀದೇ ಇರೋ ಅಂಥ ಫೋಟೋ ತೆಗೀತೀನಿ!” ಎಂದು ಮುನೇಶ ವಿದ್ಯಾರಣ್ಯಪುರದ ತನ್ನ ಮನೆಯ ಸೋಫಾದ ಮೇಲೆ ಕೂತು ಘೋಷಿಸಿದ. ಕೇಳಿಸಿಕೊಂಡವಳು ಹೆಂಡತಿ ಕಲಾವತಿ ಒಬ್ಬಳೇ.

“ಮೊದ್ಲು ಅಜ್ಜಿ ಕೇಳಿದ್ದನ್ನ ತೆಗೀರಿ, ಇತಿಹಾಸ ಆಮೇಲೆ” ಎಂದು ಅವಳು ಹುರುಳಿಕಾಯಿಯ ನಾರು ಬಿಡಿಸಿದಳು.

ಅಜ್ಜಿ ಕೇಳಿದ್ದು ದೊಡ್ಡದೇನಲ್ಲ. ಶೆಟ್ಟಿಹಳ್ಳಿಯಲ್ಲಿ ಮುನೇಶನ ತಮ್ಮ ವಾಸುವಿನ ಜೊತೆಗಿದ್ದ ದೊಡ್ಡಮುನಿಯಮ್ಮನಿಗೆ ಎಂಬತ್ತಾರು ವರ್ಷ. ತಾನು ಹೋದಮೇಲೆ ಗೋಡೆಗೆ ಹಾಕಲು ಒಂದು ಒಳ್ಳೆಯ ಫೋಟೋ ಇರಲಿ ಎಂಬುದಷ್ಟೇ ಅವಳ ಆಸೆ. ತಾತ ಮುನಿವೆಂಕಟಯ್ಯ ತೀರಿಕೊಂಡಾಗ ಬೇರೆ ಫೋಟೋ ಸಿಗದೆ, ವೋಟರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿ ಹಾರ ಹಾಕಿದ್ದರು.

“ನೋಡ್ಲಾ ನಿಮ್ ತಾತನ್ನ, ಕೋಳಿ ಕದ್ದು ಸಿಕ್ಕಾಕೊಂಡೋರಂಗೆ ನಿಂತವ್ರೆ! ನನ್ನೂ ಅಂಗೆ ಮಾಡ್ಬೇಡ್ರಪ್ಪಾ. ನಗ್ತಾ ಇರೋದೊಂದು ತೆಗ್ದಿಡ್ರಿ” ಎಂದಿದ್ದಳು ಅಜ್ಜಿ.

ಮುನೇಶ ಹೊಸ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮೆರಾ ಹಿಡಿದು ಹೋದ. ಬೀದಿಯವರೆಲ್ಲ ನೋಡುತ್ತಾರೆಂದು ಅಜ್ಜಿ ಹೊರಗೆ ಕೂರಲು ಒಪ್ಪಲಿಲ್ಲ. ಒಳಗೆ ಕತ್ತಲು. ಫ್ಲಾಶ್ ಸಿಕ್ಕಿಸಿ, ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹೊಡೆದ. ತಿರುಗಿಸಿದಾಗ ಮೇಲಿದ್ದ ಫ್ಲಾಶು ಪಕ್ಕಕ್ಕೆ ಬಂದು, ಅಜ್ಜಿಯ ನೆರಳು ಪಕ್ಕದ ಗೋಡೆಗೆ ಕಪ್ಪಗೆ ಬಿತ್ತು.

“ಇದ್ಯಾರ್ಲಾ ನನ್ ಪಕ್ದಾಗೆ ಕರ್ರಗೆ? ಯಮರಾಯ ಆಗ್ಲೇ ಬಂದು ನಿಂತ್ಕಂಡವ್ನಾ?”

ಯಮನನ್ನು ಓಡಿಸುವ ಆಯುಧವೇ ಫ್ಲಾಶ್ ಬ್ರಾಕೆಟ್! ಕ್ಯಾಮೆರಾ ಹೇಗೆ ತಿರುಗಿದರೂ ಫ್ಲಾಶನ್ನು ಅದರ ನೆತ್ತಿಯ ಮೇಲೇ ಎತ್ತಿ ಹಿಡಿಯುವ ಲೋಹದ ತೋಳು. ನೆರಳು ಬೆನ್ನ ಹಿಂದೆ ಅಡಗುತ್ತದೆ. ಕೊಂಡರಾಯಿತು, ಅಷ್ಟೇ ತಾನೇ?

ಅಷ್ಟೇ ಆಗಿದ್ದರೆ ಇದನ್ನು ಯಾಕೆ ಬರೆಯಬೇಕಿತ್ತು? ಮುನೇಶ ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಬಿಡಿಭಾಗಗಳನ್ನು ಅಳೆದು ಪಾಸ್ ಅಥವಾ ರಿಜೆಕ್ಟ್ ಮಾಡುವ ಇನ್‌ಸ್ಪೆಕ್ಟರು. ಆರ್‌ಟಿ ನಗರದ ಮುಜಫ್ಫರ್‌ನ ಕ್ಯಾಮೆರಾ ಅಂಗಡಿಗೆ ಅಳತೆಯ ವರ್ನಿಯರ್ ಹಿಡಿದೇ ಹೋದ. ನೆಟ್ಟಗಿನ ಬ್ರಾಕೆಟ್ಟು ಅಲ್ಲಾಡುತ್ತದೆ, ರಿಜೆಕ್ಟ್! ಮಡಚುವ ಬ್ರಾಕೆಟ್ಟಿನ ಸ್ಕ್ರೂ ಅರ್ಧ ಸುತ್ತು ಕಮ್ಮಿ, ರಿಜೆಕ್ಟ್! ಹದಿನೈದು ದಿನ ಹೋಗಿ ಎರಡು ತಿಂಗಳಾಯಿತು.

“ಸಾರ್, ಇದು ಫೋಟೋ ತೆಗ್ಯೋಕೆ. ರಾಕೆಟ್ ಹಾರ್ಸೋಕಲ್ಲ” ಎಂದು ಮುಜಫ್ಫರ್ ಕೈ ಮುಗಿದ.

ಕೊನೆಗೂ ತಿರುಗುವ ಬ್ರಾಕೆಟ್ಟೊಂದು ಪಾಸಾಯಿತು. “ಜೊತೆಗೊಂದು ವೈರೂ ಬೇಕಾಗತ್ತೆ ಸಾರ್” ಎಂದ ಮುಜಫ್ಫರ್.

“ಬೇರೇನೂ ಅಂಟಿಸ್ಬೇಡಿ! ನಂಗೇನ್ ಬೇಕು ಅಂತ ನಂಗೊತ್ತು!”

ಭಾನುವಾರ ಕಲಾವತಿಯ ಸಮೇತ ಸಕಲ ವೈಭವದಿಂದ ಶೆಟ್ಟಿಹಳ್ಳಿ ಪ್ರವೇಶವಾಯಿತು. ಅಜ್ಜಿ ರೇಷ್ಮೆ ಸೀರೆ ಉಟ್ಟು ಕೂತಳು. ಮುನೇಶ ಉಸಿರು ಬಿಗಿಹಿಡಿದು ಒತ್ತಿದ. ಕ್ಲಿಕ್!

“ಅಣ್ಣಾ, ಮಿಂಚ್ಲೇ ಇಲ್ಲ?” ಎಂದ ವಾಸು.

ಹೇಗೆ ಮಿಂಚೀತು? ಫ್ಲಾಶು ಕ್ಯಾಮೆರಾದ ತಲೆಯ ಮೇಲೆ ಕೂತಿದ್ದಾಗ ಸುದ್ದಿ ನೇರವಾಗಿ ಮುಟ್ಟುತ್ತಿತ್ತು. ಈಗ ಅದು ಬ್ರಾಕೆಟ್ಟಿನ ತುದಿಯಲ್ಲಿ ಬೇರೆ ಸಂಸಾರ ಹೂಡಿದೆ. ನಡುವೆ ವೈರ್ ಇಲ್ಲದೆ ಯಾವಾಗ ಮಿಂಚಬೇಕೆಂದು ಅದಕ್ಕೆ ಹೇಳುವವರು ಯಾರು?

“ಎರಡು ತಿಂಗಳು ಏನ್ರೀ ನೋಡಿದ್ರಿ?” ಎಂದಳು ಕಲಾವತಿ.

“ಬಿಡಿಭಾಗ ಪಾಸ್ ಮಾಡೋದಷ್ಟೇ ನನ್ ಕೆಲ್ಸ ಕಣೆ. ಜೋಡ್ಸೋದು ಬೇರೆ ಡಿಪಾರ್ಟ್‌ಮೆಂಟು!”

ಕಲಾವತಿ ಫ್ಲಾಶಿನ ಬೆನ್ನಲ್ಲಿದ್ದ ಪುಟ್ಟ ಗುಂಡಿ ಒತ್ತಿ ನೋಡಿದಳು. ಫಳ್! “ನೀವು ಅದನ್ನ ಒತ್ತಿ, ನಾನು ಇದನ್ನ ಒತ್ತೀನಿ. ಮುಗೀತಲ್ಲ?”

ಕಿಟಕಿ ಮುಚ್ಚಿದರು. ಕ್ಯಾಮೆರಾವನ್ನು ಕುರ್ಚಿಯ ಬೆನ್ನಿಗೆ ಊರಿ, ಅದರ ಕಣ್ಣು ಒಂದು ಸೆಕೆಂಡು ತೆರೆದಿರುವಂತೆ ಮುನೇಶ ಮಾಡಿಕೊಂಡ. ಆ ಒಂದು ಸೆಕೆಂಡಿನೊಳಗೆ ಕಲಾವತಿ ಒತ್ತಬೇಕು. ಮದುವೆಯಾಗಿ ಹದಿನಾಲ್ಕು ವರ್ಷವಾಗಿತ್ತು. ಗಂಡ ಹೆಂಡತಿ ಒಂದೇ ಸೆಕೆಂಡಿನಲ್ಲಿ ಒಂದೇ ಕೆಲಸ ಮಾಡಿದ ದಾಖಲೆ ಎಲ್ಲೂ ಇರಲಿಲ್ಲ!

“ಒಂದು, ಎರಡು...” ಫಳ್!

“ಮೂರು ಅಂದಾಗ ಕಣೆ!”

“ಮೂರು ಅಂದಾಗ್ಲೋ, ಮೂರು ಆದ್ಮೇಲೋ? ಸರ್ಯಾಗಿ ಹೇಳಿ!”

“ಅಂದಾಗ! ಒಂದು, ಎರಡು, ಮೂರು!” ಕ್ಲಿಕ್. ಕತ್ತಲು. ಆಮೇಲೆ ನಿಧಾನವಾಗಿ, ಫಳ್!

“ಸೀನು ಬಂತ್ರೀ, ನಾನೇನ್ ಮಾಡ್ಲಿ?”

ಹತ್ತನೇ ಸಲಕ್ಕೆ ಕಲಾವತಿ ಗುಂಡಿ ಕಾಣಲಿಲ್ಲವೆಂದು ಫ್ಲಾಶಿನ ಬೆನ್ನನ್ನೇ ತನ್ನ ಕಡೆಗೆ ತಿರುಗಿಸಲು ಹೋದಳು. ಅದರ ಮುಖ ಗಂಡನ ಕಡೆಗೆ ತಿರುಗಿತು. ಮುನೇಶ ಕಣ್ಣರಳಿಸಿ “ಮೂರು!” ಅಂದ. ಫಳ್! ಪಾಪ, ಅವನಿಗೆ ಅಜ್ಜಿಯ ಜಾಗದಲ್ಲಿ ಹಸಿರು ಬೆಳಕಿನ ಉಂಡೆಗಳು ಕಂಡವು. “ಅಯ್ಯೋ, ಕುರುಡಾದೆ ಕಣೇ!” ಎಂದು ಕುರ್ಚಿಯ ಸಮೇತ ಕುಸಿದ.

ದೊಡ್ಡಮುನಿಯಮ್ಮ ನಕ್ಕಳು! ಬೊಚ್ಚು ಬಾಯಿ ಪೂರ್ತಿ ತೆರೆದು, ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಕಲಾವತಿ ಫ್ಲಾಶನ್ನು ತಟ್ಟನೆ ಮುಂದಕ್ಕೆ ತಿರುಗಿಸಿ, “ಒತ್ರೀ!” ಎಂದು ಕೂಗಿದಳು. ನೆಲದಿಂದಲೇ ಮುನೇಶ ಒತ್ತಿದ. ಇವಳೂ ಒತ್ತಿದಳು. ದಾಖಲೆಯಾಯಿತು!

ಫೋಟೋದಲ್ಲಿ ಆ ನಗು ಅದ್ಭುತವಾಗಿ ಬಂದಿತ್ತು. ಮೂಗಿನಿಂದ ಮೇಲಕ್ಕೆ ಮಾತ್ರ ಅಜ್ಜಿಯೇ ಇರಲಿಲ್ಲ.

ಮುಂದಿನ ಭಾನುವಾರ ಮುನೇಶ ವೈರು ಕೊಂಡು ಒಬ್ಬನೇ ಬಂದ. “ವೈರ್ ಇದ್ಯಲ್ಲ, ನಾನ್ಯಾಕೆ?” ಎಂದು ಕಲಾವತಿ ಮನೆಯಲ್ಲೇ ಉಳಿದಿದ್ದಳು. ಕ್ಲಿಕ್, ಫಳ್, ಎರಡೂ ಒಟ್ಟಿಗೆ! ನೆರಳಿಲ್ಲ, ವಾಲಿಲ್ಲ, ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಆದರೆ ಅಜ್ಜಿಯ ಮುಖ ನೋಡಿದರೆ, ತಾತ ಕದ್ದ ಕೋಳಿ ಇವಳದ್ದೇ ಇರಬೇಕು ಅನ್ನಿಸುತ್ತಿತ್ತು.

“ಅಜ್ಜಿ, ಒಂಚೂರು ನಗು.”

“ಕಲಾವತಿ ಎಲ್ಲಿ?”

“ಅವ್ಳ್ಯಾಕಜ್ಜಿ? ಅವ್ಳ ಕೆಲ್ಸ ಈಗ ಈ ವೈರೇ ಮಾಡತ್ತೆ.”

“ಅಂಗಾರೆ ನನ್ ನಗ್ಸು ಅಂತ ಆ ವೈರ್‌ಗೇ ಏಳ್ಲಾ!”

ಮುನೇಶ ಅಜ್ಜಿಯನ್ನು ನೋಡಿದ, ವೈರನ್ನು ನೋಡಿದ. ವೈರು ಬಿಚ್ಚಿ ಜೇಬಿಗಿಟ್ಟು ಮನೆಗೆ ಫೋನ್ ಮಾಡಿದ.

“ಕಲಾ, ಬೇಗ ಬಾರೆ. ಇಲ್ಲಿ ಮುಖ್ಯವಾದ ಪಾರ್ಟೇ ಕಮ್ಮಿ ಬಿದ್ದಿದೆ.”

ಆ ಕಡೆಯಿಂದ ಕಲಾವತಿ ಹೇಳಿದಳು: “ಬರ್ತೀನಿ. ಆದ್ರೆ ಅಳತೆ ಗಿಳತೆ ತೆಗ್ಯೋ ಹಾಗಿಲ್ಲ!”