ಕಾಯ್ದೆ ಬದಲಾತಂತ, ಖರೇನ್ರಿ?

ಕಾಯ್ದೆ ಬದಲಾದ ಸುದ್ದಿ ಸಿಂದಗಿ ಮುಟ್ಟುವ ಹೊತ್ತಿಗೆ ಸುದ್ದಿ ಅರ್ಧ ಸವೆದಿರುತ್ತದೆ, ಅಂಜಿಕೆ ಮಾತ್ರ ಇಮ್ಮಡಿಯಾಗಿರುತ್ತದೆ. ಆ ಅಂಜಿಕೆ ಹೊತ್ತವರು ಸೀದಾ ಬರುವುದು ವಕೀಲಕಿಯಾದ ನನ್ನ ಮನೆಯ ಪಡಸಾಲೆಗೆ. ನಾನು ಚಹಾ ಕುಡಿದಿದ್ದೇನೋ ಇಲ್ಲವೋ ಯಾರೂ ಕೇಳುವುದಿಲ್ಲ.

ಹೊಸ ನಂಬರು

ಹೂವಿನ ಹಿಪ್ಪರಗಿಯ ಗೊಬ್ಬರದ ವ್ಯಾಪಾರಿಯೊಬ್ಬರು ಬೆವರು ಒರೆಸಿಕೊಳ್ಳುತ್ತ ಬಂದರು. "ಮೇಡಂ, ನನ್ನ ಮ್ಯಾಲ ಪೊಲೀಸ್ರು ಕಲಂ ಮುನ್ನೂರ ಹದಿನೆಂಟು ಹಾಕ್ಯಾರ್ರಿ. ಹೆಸರು ಕೇಳಿದ್ರನ ಎದಿ ಡವಡವ ಅಂತೈತಿ. ಗಲ್ಲು ಏನಾದ್ರೂ ಐತೇನ್ರಿ ಅದರಾಗ?"

"ಗಲ್ಲು ಇಲ್ರಿ. ಕಾಯ್ದೆ ಹೊಸಾದು ಬಂತಲ್ಲ, ನಂಬರು ಬದಲಾಗ್ಯಾವ. ಇದು ಹಳೇ ನಾನೂರ ಇಪ್ಪತ್ತು."

ವ್ಯಾಪಾರಿಯ ಮುಖ ಅರಳಿತು. ಕುರ್ಚಿಗೆ ಒರಗಿ ಕಾಲು ಚಾಚಿದರು.

"ಫೋರ್‌ಟ್ವೆಂಟಿ ಏನ್ರಿ? ಮೊದಲ ಹೇಳಬಾರ್ದೇನ್ರಿ? ಅದು ನನಗ ರೂಢಿ ಐತಿ!"

ಸ್ಕ್ಯಾನರ್

ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೂ ಜಿಎಸ್‌ಟಿ ನೋಟಿಸುಗಳು ಬರುತ್ತಿವೆ ಎಂದು ಗುಲ್ಲೆದ್ದ ಸಮಯ. ಬಸ್‌ಸ್ಟ್ಯಾಂಡಿನ ಹತ್ತಿರ ಮಿರ್ಚಿ ಭಜಿ ಮಾಡುವ ಅಕ್ಕ ಸ್ಕ್ಯಾನರ್ ಹಾಳೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು.

"ಇದನ್ನ ಸುಡ್ಲೇನ್ರಿ, ಹುಗೀಲೇನ್ರಿ? ನಿನ್ನಿಯಿಂದ ನಿದ್ದಿಲ್ಲ."

ನಾನು ಸಮಾಧಾನದಿಂದ ಎಲ್ಲ ತಿಳಿಸಿದೆ. ನಿನ್ನಷ್ಟು ವ್ಯಾಪಾರಕ್ಕೆ ತೆರಿಗೆ ಬೀಳುವುದಿಲ್ಲ, ಲೆಕ್ಕ ಚೊಕ್ಕ ಇದ್ದರೆ ಅಂಜುವುದು ಯಾತಕ್ಕೆ, ಧೈರ್ಯವಾಗಿ ಹಾಳೆ ಅಂಗಡಿಗೆ ಅಂಟಿಸು ಎಂದೆ. ಆಕೆಗೆ ಜೀವ ಬಂತು. ಫೋನು ತೆಗೆದಳು.

"ನಿಮ್ಮ ಫೀಸ್ ಹಾಕ್ತೇನಿ, ನಿಮ್ಮ ಸ್ಕ್ಯಾನರ್ ಎಲ್ಲೈತ್ರಿ?"

ನನ್ನ ಬಾಯಿಂದ ತಾನೇ ಬಂದುಬಿಟ್ಟಿತು: "ಅಕ್ಕ, ಕ್ಯಾಶ್ ಕೊಡು."

ಆಕೆ ನನ್ನ ಮುಖ ನೋಡಿದಳು. ಸ್ಕ್ಯಾನರ್ ಹಾಳೆಯನ್ನು ಮತ್ತೆ ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೇಬಿಟ್ಟಳು.

ಹೊರಗಿನಾಕಿ

ಇಂಡಿ ತಾಲ್ಲೂಕಿನ ತಾಂಬಾದಿಂದ ಒಬ್ಬ ಅತ್ತೆ ಸೊಸೆಯ ಕೈ ಹಿಡಿದುಕೊಂಡೇ ಬಂದಳು. ಸೊಸೆ ಸೊಲ್ಲಾಪುರದ ಕಡೆಯ ಹೆಣ್ಣು. ಹೊರಗಿನಿಂದ ಬಂದವರನ್ನು ಹುಡುಕಿ ಹುಡುಕಿ ಕಳಿಸುತ್ತಿದ್ದಾರೆ ಎಂದು ಟಿವಿಯಲ್ಲಿ ನೋಡಿದ ಮೇಲೆ ಮುದುಕಿ ಊಟ ಬಿಟ್ಟಿದ್ದಳಂತೆ.

"ಇಕಿ ನಮ್ಮಾಕಿ ಅಂತ ಬರದು ಸಿಕ್ಕಾ ಹೊಡೀರಿ ಮೇಡಂ. ಒಯ್ಯಾಕ ಬಂದ್ರ ನಾ ಬಾಗಿಲದಾಗ ಅಡ್ಡ ಮಲಗ್ತೇನಿ!"

"ಅಮ್ಮ, ಮಹಾರಾಷ್ಟ್ರ ಬ್ಯಾರೆ ದೇಶ ಅಲ್ಲ. ಯಾರೂ ಒಯ್ಯಂಗಿಲ್ಲ," ಎಂದೆ. ಮುದುಕಿ ಕಣ್ಣೊರೆಸಿಕೊಂಡಳು.

ಸೊಸೆ ಮೆಲ್ಲಗೆ ನಕ್ಕಳು. "ಮೇಡಂ, ಲಗ್ನ ಆದಾಗಿಂದ ದಿನಾ ಮುಂಜಾನೆ 'ಎಲ್ಲಿಂದ ಬಂದೀ ಅಲ್ಲಿಗೇ ಹೋಗು' ಅಂತ ನನಗ ಬೈಯಾಕಿ ಇಕೀನೇ ನೋಡ್ರಿ."

ಮುದುಕಿ ಕೆರಳಿದಳು. "ನಾ ಅಂತೇನಿ. ನಾ ಅತ್ತಿ. ಸರಕಾರ ಯಾಕ ಅನಬೇಕು?"

ಹಿಂದಿನಮನಿ

ಕನ್ನೊಳ್ಳಿಯ ಟೈಲ್ಸ್ ಮಿಸ್ತ್ರಿಗೆ ದುಬೈಯಲ್ಲಿ ಕೆಲಸ ನೋಡಿಕೊಂಡು ಬರುವ ಆಸೆ. ಆದರೆ ಪಾಸ್‌ಪೋರ್ಟಿನಲ್ಲಿ ಬರೀ ಒಂದು ಹೆಸರು. ಒಂದೇ ಹೆಸರಿದ್ದವರನ್ನು ವಿಸಿಟ್ ವೀಸಾದ ಮೇಲೆ ಒಳಗೆ ಬಿಡುವುದಿಲ್ಲ ಎಂದು ಅಲ್ಲಿಯವರು ನಿಯಮ ಮಾಡಿದ್ದರು. ಮಿಸ್ತ್ರಿ ನನ್ನ ಪಡಸಾಲೆಗೆ ಬಂದು ತಲೆ ಮೇಲೆ ಕೈ ಹೊತ್ತು ಕೂತ.

"ನಿಮ್ಮ ಮನೆತನಕ್ಕ ಊರಾಗ ಏನಂತಾರಪಾ?"

"ಹಿಂದಿನಮನಿಯವ್ರು ಅಂತಾರ್ರಿ. ನಮ್ಮ ಅಜ್ಜನ ಮನಿ ಮಸೂತಿ ಹಿಂದ ಇತ್ತು."

ಅದನ್ನೇ ಅಡ್ಡಹೆಸರು ಮಾಡಿ ಅಫಿಡವಿಟ್ ಬರೆದುಕೊಟ್ಟೆ. ಪಾಸ್‌ಪೋರ್ಟ್ ಕಚೇರಿಗೆ ಹೋದ ದಿನ ಮಿಸ್ತ್ರಿ ಅಲ್ಲಿಂದಲೇ ಫೋನು ಮಾಡಿದ. ಕೌಂಟರಿನ ಸಾಹೇಬರು ಬೆಂಗಳೂರು ಕಡೆಯವರಂತೆ.

"ಅಡ್ಡಹೆಸರು ಕೇಳಿದ್ರು. ಹಿಂದಿನಮನಿ ಅಂದೆ. 'ಹಿಂದಿನ ಮನೆ ಬೇಡ, ಈಗಿನ ಮನೆ ಹೇಳಿ' ಅಂದ್ರು. ಈಗಿನ ಮನಿ ಮಸೂತಿ ಮುಂದ ಐತ್ರಿ ಅಂದೆ. ನಕ್ಕೋತ 'ಹಾಗಾದ್ರೆ ನೀವು ಮುಂದಿನಮನಿ ಅಲ್ವೇನ್ರಿ?' ಅಂದ್ರು. ಮೇಡಂ, ಹೆಸರು ಮತ್ತ ಬದಲಿ ಮಾಡಬೇಕೇನ್ರಿ? ಇಲ್ಲಾ, ಹಳೇ ಮನಿಗೇ ತಿರುಗಿ ಹೋಗ್ಲೇನ್ರಿ?"

"ಎಲ್ಲೂ ಹೋಗಬ್ಯಾಡ. ಅಫಿಡವಿಟ್ ತೋರಿಸಿ ಸುಮ್ನ ನಿಂದ್ರು," ಎಂದೆ.

ಪಾಸ್‌ಪೋರ್ಟ್ ಬಂತು. ವೀಸಾನೂ ಆಯಿತು. ಮಿಸ್ತ್ರಿ ಹಾರಿದ. ದುಬೈ ಮುಟ್ಟಿದ ಮರುದಿನ ಮತ್ತೆ ಫೋನು ಮಾಡಿದ.

"ಮುಟ್ಟೇನ್ರಿ ಮೇಡಂ. ಆದ್ರ ಇಲ್ಲಿಯವ್ರಿಗೆ ಹಿಂದಿನಮನಿ ಅನ್ನಾಕ ಬರವಲ್ದು. ಎಲ್ಲಾರೂ 'ಮಿಸ್ಟರ್ ಮನಿ, ಮಿಸ್ಟರ್ ಮನಿ' ಅಂತಾರ. ಖೋಲಿಯಾಗ ಇದ್ದವ್ರು ಆಗಲೇ ಸಾಲ ಕೇಳಾಕತ್ತಾರ್ರಿ!"