ನೆಂಟರ ಕುರ್ಚಿ

ಮನುಷ್ಯನಿಗೆ ನೋವಾಗುವುದು ಒಂದಕ್ಕೆ, ಅವನು ಕೂಗಾಡುವುದು ಇನ್ನೊಂದಕ್ಕೆ. ನನ್ನ ಸೋದರಮಾವ ಒಬ್ಬರಿದ್ದರು. ಯಾವ ಮದುವೆಗೆ ಹೋದರೂ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಎಲೆಯ ಮುಂದೆಯೇ ರಂಪ ಮಾಡುತ್ತಿದ್ದರು. ಅಡುಗೆಯವರು ಹೆದರಿ ಬೇರೆ ಸಾರು ತಂದರೆ ಅದಕ್ಕೂ ಉಪ್ಪು ಹೆಚ್ಚೇ. ಒಮ್ಮೆ ಅತ್ತೆ ನನ್ನ ಕಿವಿಯಲ್ಲಿ ಹೇಳಿದರು: "ಸಾರು ಸರಿಯಾಗೇ ಇದೆ ಕಣೋ. ಬಾಗಿಲಲ್ಲಿ ನಿಂತು ಇವರನ್ನು ಯಾರೂ ಬನ್ನಿ ಅನ್ನಲಿಲ್ಲ, ಅದಕ್ಕೆ." ಆಗ ನಾನು ಮಾವನನ್ನು ನೋಡಿ ನಕ್ಕಿದ್ದೆ. ಈ ವರ್ಷ ಕಬಡ್ಡಿ ಪಾಸಿನ ವಿಷಯದಲ್ಲಿ ನಾನು ಮಾಡಿದ ರಂಪವನ್ನು ಅವರು ನೋಡಿದ್ದರೆ ಬಡ್ಡಿ ಸಮೇತ ನಗುತ್ತಿದ್ದರು.

ನನಗೂ ಕಬಡ್ಡಿಗೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ನಂಜನಗೂಡಿನ ಹೈಸ್ಕೂಲೊಂದರಲ್ಲಿ ನಾನು ಸಂಸ್ಕೃತದ ಮೇಷ್ಟ್ರು. ನಮ್ಮದು ಪೂಜೆ ಪುನಸ್ಕಾರದ ಮನೆತನ. ಅಜ್ಜ ಸಂಧ್ಯಾವಂದನೆಯಲ್ಲಿ ಉಸಿರು ಬಿಗಿಹಿಡಿಯುತ್ತಿದ್ದುದನ್ನು ಬಿಟ್ಟರೆ ಕಬಡ್ಡಿಯ ಹತ್ತಿರಕ್ಕೆ ಬರುವಂಥದ್ದು ಏನನ್ನೂ ನಮ್ಮ ವಂಶದವರು ಮಾಡಿಲ್ಲ. ನಾನಂತೂ ಬಸ್ಸು ಹೊರಟಾಗ ಓಡಿ ಹತ್ತುವವನೂ ಅಲ್ಲ, ಮುಂದಿನದಕ್ಕೆ ನಿಲ್ಲುವವನು. ಆದರೆ ಆಡಲು ಬಾರದವನಿಗೆ ಆಡುವವರ ತಪ್ಪು ಬಹಳ ಚೆನ್ನಾಗಿ ಕಾಣುತ್ತದೆ. ಕುರ್ಚಿಯಲ್ಲಿ ಕೂತು "ಹಿಂದಿನಿಂದ ಹಿಡಿಯೋ!" ಎಂದು ನಾನು ಕೂಗಿದಷ್ಟು ಈ ತಾಲ್ಲೂಕಿನಲ್ಲಿ ಇನ್ಯಾರೂ ಕೂಗಿರಲಾರರು. ಭಾನುವಾರ ಕೂಗಿ ಸೋಮವಾರ ಗಂಟಲು ಕಟ್ಟಿಕೊಂಡು ಶಬ್ದರೂಪ ಹೇಳಿಕೊಡುವಾಗ ಮಕ್ಕಳು ನನ್ನ ಮುಖ ನೋಡಿಯೇ ಹಿಂದಿನ ದಿನದ ಫಲಿತಾಂಶ ತಿಳಿಯುತ್ತಿದ್ದರು.

ನಮ್ಮ ಕಡೆ ಭಾನುವಾರದ ಮಧ್ಯಾಹ್ನಗಳಲ್ಲಿ ಊರೂರಿನ ತಂಡಗಳ ನಡುವೆ ಕಬಡ್ಡಿ ನಡೆಯುತ್ತದೆ. ಎಷ್ಟು ಊರುಗಳಿದ್ದರೂ ಜನ ಸೇರುವುದು ನಂಜನಗೂಡಿಗೂ ಟಿ. ನರಸೀಪುರಕ್ಕೂ ಬಿದ್ದಾಗಲೇ. ಕಪಿಲೆ ನಮ್ಮೂರು ದಾಟಿ ಹೋಗಿ ಅವರೂರಿನಲ್ಲಿ ಕಾವೇರಿಗೆ ಸೇರುತ್ತಾಳಲ್ಲ, ನಾವು ಸ್ನಾನ ಮಾಡಿ ಬಿಟ್ಟ ನೀರು ತಮ್ಮೂರಿಗೆ ಬರುತ್ತದೆ ಎಂಬ ಸಿಟ್ಟು ಅವರಿಗೆ. ಆ ನೀರನ್ನೇ ಸಂಗಮ ಮಾಡಿಕೊಂಡು ಮೆರೆಯುತ್ತಾರೆ ಎಂಬ ಸಿಟ್ಟು ನಮಗೆ. ಒಂದು ಸಲ ಬೆಂಬಲಿಗರು ಕಲ್ಲು ತೂರಾಡಿ ಆಟವೇ ನಿಂತುಹೋಯಿತಂತೆ. ಆಗ ಎರಡೂ ಊರಿನ ಹಿರಿಯರು ಕೂತು ಒಂದು ಉಪಾಯ ಮಾಡಿದರು. ವರ್ಷದ ಪಾಸು ಕೊಂಡ ಪ್ರತಿಯೊಬ್ಬನ ಪಕ್ಕದಲ್ಲೂ ಒಂದು ಖಾಲಿ ಕುರ್ಚಿ. ಅದು ಎದುರೂರಿನ ಪಾಸಿನವನಿಗೆ. ನಾವು ಅವರೂರಿಗೆ ಹೋದಾಗ ಅವನ ಪಕ್ಕ ನಮಗೊಂದು. ಮಗ್ಗುಲಲ್ಲಿ ಕೂತು ಮಂಡಕ್ಕಿ ಹಂಚಿಕೊಂಡವನ ಮೇಲೆ ಕಲ್ಲೆಸೆಯಲು ಯಾರಿಗೂ ಕೈ ಬರುವುದಿಲ್ಲ ಎನ್ನುವುದು ಹಿರಿಯರ ಲೆಕ್ಕಾಚಾರ. ಅದನ್ನು ಎಲ್ಲರೂ ನೆಂಟರ ಕುರ್ಚಿ ಎಂದೇ ಕರೆಯುತ್ತಿದ್ದರು.

ನನ್ನ ಪಾಲಿಗೆ ಬಂದ ನೆಂಟ ಸಿದ್ದರಾಜು. ನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ, ನನಗಿಂತ ಸ್ವಲ್ಪ ಚಿಕ್ಕ ವಯಸ್ಸಿನ, ನನ್ನ ಎರಡರಷ್ಟು ಅಗಲದ ಮನುಷ್ಯ. ವರ್ಷವರ್ಷವೂ ಪಕ್ಕಪಕ್ಕ ಕೂತು ನಾವು ಮಾಡಿದ್ದು ಜಗಳ ಒಂದೇ. ನಮ್ಮ ಹುಡುಗ ಒಂದು ಪಾಯಿಂಟು ತಂದ ಅನ್ನಿ, ಸಿದ್ದರಾಜು ಎದ್ದುನಿಂತು "ಗೆರೆ ತುಳ್ದ ಕಣ್ರೀ ಸಾ! ನಾನೇ ನೋಡ್ದೆ!" ಎನ್ನುತ್ತಿದ್ದ. "ನಿಮ್ಮ ಹೊಟ್ಟೆ ಅಡ್ಡ ಇದ್ದಾಗ ನಿಮಗೆ ಗೆರೆ ಹೇಗೆ ಕಂಡಿತು?" ಎಂದು ನಾನು. "ಓದಿ ಓದಿ ಕಣ್ ಕಳ್ಕಂಡಿದೀರ, ನೀವ್ ಮಾತಾಡ್ಬೇಡಿ" ಎಂದು ಅವನು. ಬಹುಮಟ್ಟಿಗೆ ಗೆಲ್ಲುತ್ತಿದ್ದುದು ಅವರೇ. ನಿಜ ಹೇಳಬೇಕೆಂದರೆ ಬಹುಮಟ್ಟಿಗೆ ಅಲ್ಲ, ಯಾವಾಗಲೂ. ನಾನು ಪಾಸು ಕೊಳ್ಳಲು ಶುರುಮಾಡಿದ ಮೇಲೆ ನಂಜನಗೂಡು ನರಸೀಪುರವನ್ನು ಸೋಲಿಸಿದ್ದೇ ಇಲ್ಲ. ಗೆದ್ದ ದಿನ ಸಿದ್ದರಾಜುವಿಗೆ ಏನೇನು ಹೇಳಬೇಕೆಂದು ನಾನು ಮನಸ್ಸಿನಲ್ಲೇ ಒಂದು ಭಾಷಣ ಸಿದ್ಧಮಾಡಿ, ಪ್ರತಿವರ್ಷ ಅದಕ್ಕೆ ಹೊಸ ವಿಶೇಷಣಗಳನ್ನು ಸೇರಿಸುತ್ತ ಬಂದಿದ್ದೆ. ಇಷ್ಟಾದರೂ ಅವನ ಮನೆಗೆ ನಾನು ಹೋದವನಲ್ಲ, ನನ್ನ ಮನೆಗೆ ಅವನು ಬಂದವನಲ್ಲ. ಫೋನ್ ನಂಬರು ಕೂಡ ಇಟ್ಟುಕೊಂಡಿರಲಿಲ್ಲ. ಕುರ್ಚಿ ಇತ್ತಲ್ಲ, ನಂಬರು ಯಾಕೆ?

ಈ ವರ್ಷ ಆಟ ನಡೆಸುವ ನಮ್ಮ ಊರಿನ ಸಮಿತಿಗೆ ಹೊಸ ಕಾರ್ಯದರ್ಶಿ ಬಂದರು. ಪಾಸಿನ ಬೆಲೆ ದುಪ್ಪಟ್ಟಾಯಿತು. ಬೆಲೆ ಏರಿದ ಮೇಲೆ ಸವಲತ್ತೂ ಏರಬೇಕಲ್ಲ? ಅದು ಇಳಿಯಿತು. ಕೈಯಿರುವ ಕುರ್ಚಿ ಹೋಗಿ ಕೈಯಿಲ್ಲದ ಕುರ್ಚಿ ಬಂತು. ಶಾಮಿಯಾನ ಮುಂದಿನ ಸಾಲಿಗೆ ಮಾತ್ರ, ಪಾಸಿನವರಿಗೆ ಬಿಸಿಲು. ವಿರಾಮದಲ್ಲಿ ಕೊಡುತ್ತಿದ್ದ ರಸಬಾಳೆಹಣ್ಣು ನಿಂತಿತು. ನಂಜನಗೂಡಿನಲ್ಲೇ ರಸಬಾಳೆ ಕಣ್ಣಿಗೆ ಬೀಳುವುದು ಅಪರೂಪವಾಗಿರುವಾಗ ಅದೊಂದು ಹಣ್ಣಿಗೋಸ್ಕರವೇ ಬರುವವರಿದ್ದರು. ಸಮಿತಿಯ ನೋಟೀಸಿನಲ್ಲಿ ಎಲ್ಲಕ್ಕೂ ಕೊನೆಗೆ, ಯಾರೂ ಗಮನಿಸಬಾರದೆಂಬಂತೆ ಇನ್ನೊಂದು ಮಾತು: ನೆಂಟರ ಕುರ್ಚಿ ರದ್ದು. ಇನ್ನು ಆ ಕುರ್ಚಿಯನ್ನೂ ದುಡ್ಡು ಕೊಟ್ಟವರಿಗೆ ಮಾರುತ್ತಾರೆ. ಆ ಸಾಲನ್ನು ನಾನು ಎರಡೆರಡು ಸಲ ಓದಿದೆ. ಮೂರು ಹೊತ್ತೂ ಜಗಳ ಕಾಯುವ ಒಬ್ಬ ಗೊಬ್ಬರದ ವ್ಯಾಪಾರಿ ಇನ್ನು ಪಕ್ಕದಲ್ಲಿರುವುದಿಲ್ಲ ಎಂದು ಸಂಸ್ಕೃತದ ಮೇಷ್ಟ್ರೊಬ್ಬ ಬೇಜಾರು ಮಾಡಿಕೊಂಡರೆ ಕೇಳಿದವರು ಏನನ್ನುತ್ತಾರೆ? ಅದಕ್ಕೇ ನಾನು ಬಾಳೆಹಣ್ಣನ್ನು ಹಿಡಿದುಕೊಂಡೆ.

ಪಾಸಿನವರೆಲ್ಲ ಸ್ನಾನಘಟ್ಟದ ಮೆಟ್ಟಿಲ ಮೇಲೆ ಸಭೆ ಸೇರಿದೆವು. ನಾನು ಮಾತಾಡಿದೆ. ರಸಬಾಳೆ ನಮ್ಮ ಊರಿನ ಮಾನ, ಹಣ್ಣು ಕಿತ್ತುಕೊಂಡವರು ನಾಳೆ ಊರಿನ ಹೆಸರನ್ನೂ ಕಿತ್ತುಕೊಂಡಾರು ಎಂದೆಲ್ಲ ಹೇಳಿದೆ. ನೆಂಟರ ಕುರ್ಚಿಯ ಬಗ್ಗೆ ಒಂದಕ್ಷರ ಆಡಲಿಲ್ಲ. ಯಾರೋ ಅದನ್ನು ಫೋನಿನಲ್ಲಿ ಹಿಡಿದರು, ಅದು ಊರೂರು ಸುತ್ತಿತು. ಔಷಧಿ ಅಂಗಡಿಯ ನಾಗೇಂದ್ರ "ಬರೀ ಮಾತು ಬೇಡ, ಕಪಿಲೆಯ ನೀರು ಮುಟ್ಟಿ ಆಣೆ ಮಾಡೋಣ" ಎಂದ. ಎಲ್ಲರೂ ಪಂಚೆ ಪ್ಯಾಂಟು ಎತ್ತಿಕೊಂಡು ನೀರಿಗಿಳಿದು, ಬೊಗಸೆಯಲ್ಲಿ ನೀರು ಹಿಡಿದು, ಹಳೆಯ ಬೆಲೆ ಬರುವವರೆಗೆ ಪಾಸು ಕೊಳ್ಳುವುದಿಲ್ಲ, ಮೈದಾನಕ್ಕೆ ಕಾಲಿಡುವುದಿಲ್ಲ ಎಂದು ಆಣೆ ಮಾಡಿದೆವು. ಆಣೆಯ ವಾಕ್ಯ ನನ್ನದೇ. ಸಂಸ್ಕೃತದಲ್ಲೂ ಒಂದು ಸಲ ಹೇಳಿಸಿದೆ, ಗಟ್ಟಿಯಾಗಿರಲಿ ಎಂದು.

ಮೊದಲನೆಯ ಭಾನುವಾರವೇ ನಮ್ಮೂರಿನಲ್ಲಿ ನರಸೀಪುರದ ಮೇಲೆ ಆಟ ಬಿತ್ತು. ನಮ್ಮ ಮನೆಗೆ ಮೈದಾನದ ಮೈಕು ಸ್ಪಷ್ಟವಾಗಿ ಕೇಳಿಸುತ್ತದೆ. ಬೆಳಗ್ಗೆಯೇ "ಹಲೋ ಮೈಕ್ ಟೆಸ್ಟಿಂಗ್" ಶುರುವಾಯಿತು. ನಾನು ಕಿಟಕಿ ಮುಚ್ಚಿದೆ, ತೆಗೆದೆ, ಮತ್ತೆ ಮುಚ್ಚಿದೆ. ನನ್ನ ಹೆಂಡತಿ ಸುಧಾ ಸ್ವಲ್ಪ ಹೊತ್ತು ನೋಡಿದಳು. "ನೀವು ಆಣೆ ಮಾಡಿರೋದು ನದಿಗೆ. ಕಿಟಕಿಗೆ ಯಾಕೆ ಶಿಕ್ಷೆ? ಎಲ್ಲಾದರೂ ಹೋಗಿ ಬನ್ನಿ" ಎಂದಳು. ಆಗ ಹೊಳೆಯಿತು. ನೆಂಟರ ಕುರ್ಚಿ ಇಲ್ಲ ಅಂದಮೇಲೆ ಸಿದ್ದರಾಜು ಈ ಹೊತ್ತಿನಲ್ಲಿ ನರಸೀಪುರದಲ್ಲೇ ಇರಬೇಕು. "ಆ ಊರಿನ ಪಾಸಿನವರನ್ನೂ ನಮ್ಮ ಹೋರಾಟಕ್ಕೆ ಸೇರಿಸಬೇಕು, ಸಂಘಟನೆಯ ಕೆಲಸ" ಎಂದು ಸುಧಾಗೆ ಹೇಳಿದೆ. ಅವಳು ನನ್ನ ಇಸ್ತ್ರಿ ಮಾಡಿದ ಅಂಗಿಯನ್ನೂ ಒಂದು ಚಿಪ್ಪು ಬಾಳೆಹಣ್ಣನ್ನೂ ಕೈಗೆ ಕೊಟ್ಟು, "ಸಂಘಟನೆಗೆ ಬರಿಗೈಯಲ್ಲಿ ಹೋಗಬೇಡಿ" ಎಂದಳು. ನಾನು ಹೆಂಡತಿಯಿಂದ ಮುಚ್ಚಿಟ್ಟ ಯಾವ ಸಂಗತಿಯೂ ಇದುವರೆಗೆ ಮುಚ್ಚಿಕೊಂಡಿದ್ದಿಲ್ಲ.

ಸುತ್ತೂರಿನ ಮೇಲೆ ಹೋಗುವ ಬಸ್ಸು ಹಿಡಿದೆ. ನರಸೀಪುರದಲ್ಲಿ ಗೊಬ್ಬರದ ಅಂಗಡಿ ಸಿಕ್ಕುವುದು ಕಷ್ಟವಾಗಲಿಲ್ಲ. ಅದರ ಹಿಂದೆಯೇ ಮನೆ. ಬಾಗಿಲು ತೆಗೆದದ್ದು ಸಿದ್ದರಾಜುವಿನ ಹೆಂಡತಿ ಮಂಜುಳಾ. ಹೆಸರು ಹೇಳಿದ ತಕ್ಷಣ ಆಕೆ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

"ಅಯ್ಯೋ ಮೇಷ್ಟ್ರೇ! ನೀವ್ ಇಲ್ಲೀಗ್ ಬಂದ್ರಾ? ಅವ್ರು ನಿಮ್ಮೂರ್ಗೇ ಓಗವ್ರಲ್ಲಾ!"

"ನಮ್ಮೂರಿಗಾ? ನೆಂಟರ ಕುರ್ಚಿ ಇಲ್ಲವಲ್ಲ?"

"ದುಡ್ ಕೊಟ್ಟು ತಕ್ಕಂಡವ್ರೆ. ಅವ್ರದೂ ನಿಮ್ದೂ ಎರಡೂ. ನೀವ್ ಬಾಳೆಅಣ್ಣಿನ್ ಮೇಲೆ ಮಾತಾಡಿದ್ ಬಂತಲ್ಲ ಫೋನ್ನಲ್ಲಿ, ಅದ್ನ ನೋಡ್ಬುಟ್ಟು, 'ಬಾಳೆಅಣ್ಗೆಲ್ಲಾ ಇಷ್ಟ್ ಕ್ವಾಪ ಬರಲ್ಲ ಮೇಷ್ಟ್ರುಗೆ, ಇದು ಕುರ್ಚಿ ಕ್ವಾಪ ಕಣಮ್ಮಿ' ಅಂದ್ರು. ಮೇಷ್ಟ್ರು ಗೇಟತ್ರ ಸುಳಿದಾಡ್ತಾನೇ ಇರ್ತಾರೆ, ಕೈ ಇಡ್ದು ಒಳೀಕ್ ಎಳ್ಕಂಡ್ ಓಗ್ತೀನಿ ಅಂತ ಎದ್ದೋದ್ರು."

ಒಂದು ಊರಿಗೆ ಊರೇ ನಂಬಿದ ನನ್ನ ಭಾಷಣವನ್ನು ಈ ಮನುಷ್ಯ ಗೊಬ್ಬರದ ಅಂಗಡಿಯಲ್ಲಿ ಕೂತು ಒಂದೇ ಸಲಕ್ಕೆ ಬಿಡಿಸಿ ನೋಡಿಬಿಟ್ಟಿದ್ದ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಂತೋಷವಾಯಿತು, ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ತಿರುಗಿ ಬಸ್ಸು ಹಿಡಿದರೂ ಆಟ ಮುಗಿದ ಮೇಲೆಯೇ ತಲುಪುತ್ತಿದ್ದೆ. ಅಷ್ಟರಲ್ಲಿ ಮಂಜುಳಾ ನನ್ನನ್ನು ಒಳಗೆ ಕೂರಿಸಿ, "ಊಟ ಮಾಡ್ದೆ ಕಳ್ಸುದ್ರೆ ಅವ್ರು ನನ್ನ ಸುಮ್ನೆ ಬಿಡಲ್ಲ" ಎಂದು ಎಲೆ ಹಾಕಿಯೇಬಿಟ್ಟರು.

ಹಜಾರದ ಟಿವಿಯಲ್ಲಿ ಕೇಬಲ್ಲಿನವರು ಮಾಡುವ ಆಟದ ನೇರಪ್ರಸಾರ. ಅದರ ಮುಂದೆ ಸಿದ್ದರಾಜುವಿನ ತಾಯಿ ಕಾಲು ಚಾಚಿ ಕೂತಿದ್ದರು. ನನ್ನನ್ನು ನೋಡಿ "ಯಾವೂರಪ್ಪಾ?" ಎಂದರು. ಅವರ ಕೈಯಲ್ಲಿ ಎಲೆಅಡಿಕೆ ಕುಟ್ಟುವ ಕಬ್ಬಿಣದ ಕೋಲಿತ್ತು. ನಾನು "ಮೈಸೂರು ಕಡೆ" ಎಂದೆ.

ಟಿವಿಯಲ್ಲಿ ಕ್ಯಾಮರಾ ಪ್ರೇಕ್ಷಕರ ಕಡೆ ತಿರುಗಿತು. ಹೋಳಿಗೆ ಮುರಿಯುತ್ತಿದ್ದವನು ಅದನ್ನು ಎಲೆಯಲ್ಲೇ ಬಿಟ್ಟು ಟಿವಿಯ ಕಡೆ ಬಗ್ಗಿದೆ. ನಾಗೇಂದ್ರ ಕೂತಿದ್ದ! ಅವನ ಪಕ್ಕ ಆಣೆ ಮಾಡಿದ ಇನ್ನೊಬ್ಬ, ಅವನ ಪಕ್ಕ ಮತ್ತೊಬ್ಬ. ಕಪಿಲೆಯಲ್ಲಿ ಮೊಣಕಾಲುದ್ದ ನಿಂತವರೆಲ್ಲ ಬಿಸಿಲಿಗೆ ಟವೆಲು ಹೊದ್ದುಕೊಂಡು ಕೈಯಿಲ್ಲದ ಕುರ್ಚಿಗಳಲ್ಲಿ ಸಾಲಾಗಿ ಕೂತಿದ್ದರು. ಆಮೇಲೆ ವಿಚಾರಿಸಿದಾಗ ನಾಗೇಂದ್ರ, ಬೊಗಸೆಯ ನೀರು ಆಣೆ ಮುಗಿಯುವ ಮೊದಲೇ ಬೆರಳ ಸಂದಿಯಲ್ಲಿ ಸೋರಿಹೋಗಿತ್ತು, ಹಾಗಾಗಿ ಅದು ಲೆಕ್ಕಕ್ಕಿಲ್ಲ ಎಂದ. ಸಂಸ್ಕೃತದ ಭಾಗ ಅರ್ಥವೇ ಆಗಲಿಲ್ಲವಂತೆ. ಇಡೀ ಮೈದಾನದಲ್ಲಿ ಖಾಲಿ ಇದ್ದದ್ದು ಒಂದೇ ಒಂದು ಕುರ್ಚಿ, ನನ್ನದು. ಅದರ ಮೇಲೆ ಒಂದು ಟವೆಲು ಹಾಸಿ, ಪಕ್ಕದಲ್ಲಿ ಸಿದ್ದರಾಜು ಗೇಟಿನ ಕಡೆಯೇ ನೋಡುತ್ತ ಕೂತಿದ್ದ. ಯಾರೋ ಬಂದು ಕೂರಲು ನೋಡಿದರು. ಅವನು ಕೈ ಅಡ್ಡ ಹಿಡಿದು ಕಳಿಸಿದ. ನನ್ನ ಮಹಾ ಬಹಿಷ್ಕಾರದಿಂದ ಸಮಿತಿಗಾದ ನಷ್ಟ ಸೊನ್ನೆ. ಖಾಲಿ ಕುರ್ಚಿಗೂ ಹೊಸ ದರದಲ್ಲೇ ದುಡ್ಡು ಬಂದಿತ್ತು. ನಷ್ಟವಾದದ್ದು ನನ್ನನ್ನು ಕರೆಯಲು ಬಂದ ಒಬ್ಬನಿಗೆ ಮಾತ್ರ.

ಆಟ ಕೊನೆಯವರೆಗೂ ಸಮಸಮ. ಅಜ್ಜಿ "ಇಡ್ಕಳ್ಳಾ ಅವ್ನ್ ಕಾಲ! ಬುಡ್ಬೇಡ ಕಣ್ಲಾ!" ಎಂದು ಕೋಲು ಬೀಸುತ್ತಿದ್ದರು. ನಾನೂ ಮರ್ಯಾದೆಗೆ "ಹಿಡ್ಕೊಳೋ" ಎನ್ನುತ್ತಿದ್ದೆ, ಯಾರನ್ನು ಎಂದು ಹೇಳದೆ. ಕೊನೆಯ ಸರದಿಯಲ್ಲಿ ನಮ್ಮ ಹುಡುಗ ಉಸಿರು ಬಿಗಿಹಿಡಿದು ನುಗ್ಗಿದ, ಒಬ್ಬನನ್ನು ಮುಟ್ಟಿದ, ಮೂವರು ಅವನ ಮೇಲೆ ಬಿದ್ದರು, ಆ ರಾಶಿಯ ಕೆಳಗಿಂದ ಅವನ ಒಂದು ಬೆರಳು ಹೊರಬಂದು ನಡುಗೆರೆ ಮುಟ್ಟಿತು. ಸೀಟಿ ಮೊಳಗಿತು. ನಂಜನಗೂಡು ಗೆದ್ದಿತು! ಇಷ್ಟು ವರ್ಷ ಕಾದ ಗಳಿಗೆ ಬಂದೇಬಂತು. ನಾನು ಶತ್ರುವಿನ ಮನೆಯಲ್ಲಿ, ಶತ್ರುವಿನ ತಾಯಿಯ ಪಕ್ಕ, ಎಲೆಯ ಮುಂದೆ ಕೂತು, ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು ದುಃಖದ ಮುಖ ಮಾಡಿದೆ.

ಮಂಜುಳಾ ಗಂಡನಿಗೆ ಫೋನು ಮಾಡಿ ನನ್ನ ಕೈಗೆ ಕೊಟ್ಟರು. ಆ ಕಡೆ ಪಟಾಕಿ, ತಮಟೆ.

"ಸಾ! ಎಲ್ಲಿದೀರ ಸಾ? ಗೇಟಲ್ಲಿ ಕಾದೂ ಕಾದೂ ಸಾಕಾಯ್ತು."

"ನಿಮ್ಮ ಮನೆಯಲ್ಲಿದ್ದೀನಿ, ಸಿದ್ದರಾಜು."

"ನಮ್ಮನೇಲಾ!" ಎಂದು ನಕ್ಕ. ಆಮೇಲೆ ಅವನ ದನಿ ಇಳಿದು ಬಂತು. "ಗೆದ್ರಲ್ಲ ಸಾ ಕೊನೀಗೂ. ಇಲ್ಲಿ ಎಲ್ರೂ ಕುಣೀತಾವ್ರೆ, ನಾನೊಬ್ನೇ ಕೂತಿವ್ನಿ. ಅನ್ನಿ ಸಾ, ಏನೇನ್ ಅನ್ಬೇಕು ಅಂತಿದ್ರೋ ಎಲ್ಲಾನೂ ಅನ್ಬುಡಿ."

ವರ್ಷಗಟ್ಟಲೆ ತಿದ್ದಿ ತೀಡಿದ ನನ್ನ ಭಾಷಣ ಅಷ್ಟೂ ವಿಶೇಷಣಗಳೊಂದಿಗೆ ನಾಲಗೆಯ ತುದಿಗೆ ಬಂದು ನಿಂತಿತ್ತು. ಅಷ್ಟು ಜನರ ನಡುವೆ ಆ ಅಗಲದ ಮನುಷ್ಯ ಒಬ್ಬನೇ ಕೂತಿರುವುದು ಕಣ್ಣಮುಂದೆ ಬಂತು. ಬಾಯಿಂದ ಹೊರಟದ್ದು ಬೇರೆಯೇ ಮಾತು.

"ಅದು ಪಾಯಿಂಟೇ ಅಲ್ಲ ಸಿದ್ದರಾಜು. ಬೆರಳು ನಡುಗೆರೆಗೆ ಮುಟ್ಟಲೇ ಇಲ್ಲ. ನಾನೇ ನೋಡಿದೆ. ನಿಮ್ಮೋರಿಗೆ ಮೋಸ ಆಯಿತು."

ಆ ಕಡೆಯಿಂದ ಗಾಬರಿಯ ದನಿ: "ಸಾ, ಮೈಗೀಯ್ಗೆ ಉಸಾರಾಗಿದೀರಾ ತಾನೆ? ಒಸಿ ನಮ್ಮೋಳ್ಗೆ ಫೋನ್ ಕೊಡಿ."

ಕೊಟ್ಟೆ. ಮಂಜುಳಾ ಕೇಳಿಸಿಕೊಂಡರು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹಿಂಗೈಯನ್ನು ನನ್ನ ಹಣೆಯ ಮೇಲಿಟ್ಟು, ಫೋನಿನೊಳಕ್ಕೆ ಹೇಳಿದರು: "ಬಿಸಿ ಏನಿಲ್ಲ. ಆದ್ರೂ ನೀವ್ ಬರೋಗಂಟ ಕಳ್ಸಲ್ಲ ಬುಡಿ."