ಎರಡು ಸಹಿಯ ಮುಷ್ಕರ

ಮದರಾಸಿನಲ್ಲಿ ಸರ್ಕಾರ ಬದಲಾಗುವುದು ಅಪರೂಪ, ನಿಂತುಹೋಗುವುದು ಮಾಮೂಲು. ಎಂಬತ್ತರ ದಶಕದಲ್ಲಿ ನಾನು ಅಲ್ಲಿ ರಾಜ್ಯ ಸರ್ಕಾರದ ಗುಮಾಸ್ತನಾಗಿದ್ದಾಗ ನೌಕರರ ಮುಷ್ಕರಗಳನ್ನು ಎಣಿಸುವುದು ಬಿಟ್ಟಿದ್ದೆ. ಒಂದು ಮಾತ್ರ ಚೆನ್ನಾಗಿ ನೆನಪಿದೆ.

೧. ಯಾರ ವಿರುದ್ಧ

ನಮ್ಮ ಕಚೇರಿಯಲ್ಲಿ ಎರಡು ಸಂಘ. ಒಂದು ಆಳುವ ಪಕ್ಷದ್ದು, ಇನ್ನೊಂದು ವಿರೋಧ ಪಕ್ಷದ್ದು. ಬೇಡಿಕೆಗಳು ಒಂದೇ. ಪಕ್ಷಗಳು ಗದ್ದುಗೆ ಬದಲಿಸಿಕೊಂಡಾಗ ಸಂಘಗಳು ಭಾಷಣ ಬದಲಿಸಿಕೊಳ್ಳುತ್ತಿದ್ದವು. ಆ ಸಲ ಆಳುವ ಪಕ್ಷದ ಸಂಘಕ್ಕೆ ಕಾರ್ಯದರ್ಶಿ ನಮ್ಮ ಹೆಡ್ ಕ್ಲರ್ಕು, ಹೊಸೂರು ಕಡೆಯ ಕನ್ನಡದವರು.

"ನಾವು ಮುಷ್ಕರ ಮಾಡೋದು ಸರ್ಕಾರದ ವಿರುದ್ಧ ಕಣಯ್ಯಾ, ಪಕ್ಷದ ವಿರುದ್ಧ ಅಲ್ಲ" ಎಂದು ನನಗೆ ತಂತ್ರ ವಿವರಿಸಿದರು.

"ಸರ್ಕಾರ ಯಾವ ಪಕ್ಷದ್ದು ಸಾರ್?"

"ಎಂ.ಎ. ಓದಿದವರ ಹತ್ತಿರ ಇದೇ ತೊಂದರೆ."

೨. ಮೆಸ್ಸಿನ ಪ್ರಶ್ನೆ

ಬೆಳಿಗ್ಗೆ ಎರಡು ಸಂಘದವರೂ ಎದುರುಬದುರು ಚಪ್ಪರದಲ್ಲಿ ಕೂತು ಪರಸ್ಪರ ದ್ರೋಹಿಗಳೆಂದು ಕೂಗುತ್ತಿದ್ದರು. ಮಧ್ಯಾಹ್ನ ಎಲ್ಲರೂ ತ್ರಿಪ್ಲಿಕೇನಿನ ಒಂದೇ ಮೆಸ್ಸಿನಲ್ಲಿ ಒಂದೇ ಬೆಂಚಿನ ಮೇಲೆ ಊಟಕ್ಕೆ ಕೂರುತ್ತಿದ್ದರು. ಮೆಸ್ಸಿನ ಯಜಮಾನರು ಕುಂದಾಪುರದವರು. ಐದನೆಯ ದಿನ ಸಾರು ಬಡಿಸುತ್ತ ನನ್ನನ್ನು ಕೇಳಿದರು:

"ಸರ್ಕಾರ ಪೂರಾ ನಿಂತಿದೆ ಅಂತ ಪೇಪರಿನಲ್ಲಿ ಬಂದಿದೆಯಲ್ಲ ಮಾರಾಯ್ರೆ, ಮುಂಚೆ ಓಡ್ತಾ ಇತ್ತಾ?"

೩. ಬಿಗಿಯಾದ ಒಪ್ಪಂದ

ಎರಡನೆಯ ವಾರ ಎರಡು ಸಂಘಗಳೂ ರಾಜಿಯಾಗಿ ಜಂಟಿ ಸಮಿತಿ ಮಾಡಿಕೊಂಡವು. ಒಂದೇ ತಕರಾರು. ಎದುರಿನವರು ತಮ್ಮವರ ಕೆಲಸವನ್ನು ಗುಟ್ಟಾಗಿ ಮಾಡಿಸಿಕೊಂಡರೆ? ಹೆಡ್ ಕ್ಲರ್ಕು ಮಾರ್ಗ ಕಂಡುಹಿಡಿದರು. ಇಬ್ಬರು ಕಾರ್ಯದರ್ಶಿಗಳ ಸಹಿಯೂ ಇರುವ ಚೀಟಿ ಇಲ್ಲದೆ ಯಾವ ಸರ್ಕಾರಿ ಕಚೇರಿಯಲ್ಲೂ ಕಾಲೇಜಿನಲ್ಲೂ ಒಂದು ಅರ್ಜಿಯನ್ನೂ ತೆಗೆದುಕೊಳ್ಳಬಾರದು. ಸುತ್ತೋಲೆ ಊರೆಲ್ಲ ಹೋಯಿತು. ಅದಾದ ಮೇಲೆ ಸುತ್ತೋಲೆಯಲ್ಲಿ ಯಾರ ಹೆಸರು ಮೇಲಿರಬೇಕಿತ್ತು ಎಂದು ಜಗಳವಾಗಿ ಇಬ್ಬರೂ ಮಾತು ಬಿಟ್ಟರು.

ಒಬ್ಬ ಬಡಪಾಯಿ ತಂದೆಯ ಮರಣ ಪ್ರಮಾಣಪತ್ರಕ್ಕಾಗಿ ಚಪ್ಪರಕ್ಕೆ ಬಂದ. ಹೆಡ್ ಕ್ಲರ್ಕು ಎದುರು ಚಪ್ಪರ ತೋರಿಸಿದರು. ಅವರು ಈ ಚಪ್ಪರ ತೋರಿಸಿದರು. ನಾಲ್ಕು ಸಲ ರಸ್ತೆ ದಾಟಿದ ಮೇಲೆ ಹೆಡ್ ಕ್ಲರ್ಕು ಅವನನ್ನು ಹೀಗೆ ಸಮಾಧಾನ ಮಾಡಿ ಕಳಿಸಿದರು:

"ಮುಷ್ಕರ ಮುಗಿಯೋವರೆಗೆ ನಿಮ್ಮ ತಂದೆ ಇದ್ದಾರೆ ಅಂತಲೇ ಇಟ್ಕೊಳ್ಳಿ."

೪. ಶನಿವಾರ, ಐದು ಗಂಟೆ

ಹೆಡ್ ಕ್ಲರ್ಕಿಗೆ ಒಬ್ಬಳೇ ಮಗಳು. ಡಾಕ್ಟರಾಗಬೇಕೆಂದು ಹಗಲು ರಾತ್ರಿ ಓದಿದವಳು, ಒಳ್ಳೆಯ ಅಂಕವೂ ಬಂದಿತ್ತು. ಸರ್ಕಾರಿ ಮೆಡಿಕಲ್ ಕಾಲೇಜಿಗೆ ಅರ್ಜಿ ಕೊಡಲು ಶನಿವಾರ ಐದು ಗಂಟೆ ಕೊನೆ. ಅವಳು ದಿನವೂ ಚಪ್ಪರಕ್ಕೆ ಬಂದು, "ಅಪ್ಪಾ, ಎನ್ನ ಆಚ್ಚು?", ಏನಾಯಿತು, ಎಂದು ತಮಿಳಿನಲ್ಲಿ ಕೇಳುವಳು. ಇವರು, "ಶುಕ್ರವಾರದೊಳಗೆ ಮುಗಿಯುತ್ತಮ್ಮಾ, ಮೇಲಿನ ಮಟ್ಟದಲ್ಲಿ ಮಾತುಕತೆ ನಡೀತಿದೆ" ಎಂದು ಕನ್ನಡದಲ್ಲಿ ಸುಳ್ಳು ಹೇಳುವರು.

ಶುಕ್ರವಾರ ಮುಗಿಯಲಿಲ್ಲ. ಶನಿವಾರ ಮೂರು ಗಂಟೆಗೆ ಹೆಡ್ ಕ್ಲರ್ಕು ಅರ್ಜಿಯನ್ನು ತಮ್ಮ ಪಕ್ಷದ ಪತ್ರಿಕೆಯಲ್ಲಿ ಸುತ್ತಿಕೊಂಡು ನನ್ನನ್ನೂ ಕರೆದುಕೊಂಡು ಕಾಲೇಜಿಗೆ ಹೋದರು. ಅಲ್ಲಿನ ಗುಮಾಸ್ತ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಮುಷ್ಕರ ಮಾಡುತ್ತಿದ್ದ.

"ವಾಂಗ ತಲೈವರೇ!" ಎಂದು ನಾಯಕರನ್ನು ಸ್ವಾಗತಿಸುತ್ತ ಎದ್ದು ನಿಂತ. ಅರ್ಜಿ ನೋಡಿ ಕೂತ. "ನೀವೇ ಕಳಿಸಿದ ಸುತ್ತೋಲೆ. ಎರಡು ಸಹಿ ಬೇಕು. ನಿಮ್ಮದು ಒಂದೇ ಆಗುತ್ತೆ."

"ಇನ್ನೊಬ್ಬರನ್ನ ಈಗ ಎಲ್ಲಿ ಹುಡುಕಲಪ್ಪಾ?"

"ಬೆಳಿಗ್ಗೆ ಹತ್ತರಿಂದ ಅಲ್ಲೇ ಕೂತಿದ್ದಾರೆ."

ಬೇವಿನ ಮರದಡಿ ಎದುರು ಸಂಘದ ಕಾರ್ಯದರ್ಶಿ ಕೂತಿದ್ದರು. ಮಗನ ಅರ್ಜಿ ವಿರೋಧ ಪಕ್ಷದ ಪತ್ರಿಕೆಯಲ್ಲಿ ಸುತ್ತಿತ್ತು. ಇಬ್ಬರೂ ಸ್ವಲ್ಪ ಹೊತ್ತು ಬೇವಿನ ಎಲೆ ನೋಡಿದರು. ಮೊದಲು ಸಹಿ ಹಾಕಿದವರು ಸೋತಂತೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಕೊನೆಗೆ ಎರಡು ಚೀಟಿ ಬರೆದು, ನಾನು ಒಂದು ಎರಡು ಮೂರು ಎಂದಾಗ ಒಟ್ಟಿಗೆ ಸಹಿ ಹಾಕಿ, ಚೀಟಿ ಬದಲಿಸಿಕೊಂಡು ಮತ್ತೆ ಹಾಕಿದರು. ಗುಮಾಸ್ತ ಹಿಂಬಾಗಿಲಿನಿಂದ ಒಳಗೆ ಹೋಗಿ ಎರಡು ಅರ್ಜಿಗೂ ಮೊಹರು ಒತ್ತಿ ತಂದ.

ಬೇಲಿಯ ಪಕ್ಕ ಒಬ್ಬ ಹೆಂಗಸು ಇದನ್ನೆಲ್ಲ ನೋಡುತ್ತಿದ್ದಳು. "ನನ್ನ ಮಗನದಕ್ಕೂ ಹಾಕಿಕೊಡಿ ಅಯ್ಯಾ" ಎಂದಳು.

"ಮುಷ್ಕರ ನಡೀತಿದೆಯಮ್ಮಾ!" ಇಬ್ಬರೂ ಒಂದೇ ದನಿಯಲ್ಲಿ ಹೇಳಿದರು. ಜಂಟಿ ಸಮಿತಿಯ ಮೊದಲ ಸರ್ವಾನುಮತದ ನಿರ್ಧಾರ.

ಅವಳು ರಸ್ತೆಯ ಕಡೆ ತಿರುಗಿ, "ಎಲ್ಲಾ ಬನ್ನಿ, ಇಲ್ಲಿ ಸಹಿ ಹಾಕ್ತಿದ್ದಾರೆ!" ಎಂದು ಕೂಗಿದಳು. ಗೇಟಿನಾಚೆ ಅರ್ಜಿ ಹಿಡಿದು ನಿಂತವರೆಲ್ಲ ನುಗ್ಗಿದರು. ಐದು ಗಂಟೆಯವರೆಗೆ ಇಬ್ಬರೂ ತಲೆ ಎತ್ತದೆ ಸಹಿ ಹಾಕಿದರು.

ವಾಪಸು ಬರುವ ಬಸ್ಸಿನಲ್ಲಿ ಹೆಡ್ ಕ್ಲರ್ಕು ಬೆರಳು ನೀವಿಕೊಳ್ಳುತ್ತ ಪಿಸುಗುಟ್ಟಿದರು: "ಇವತ್ತು ನಾನು ಕೆಲಸ ಮಾಡಿದೆ ಅಂತ ಆಫೀಸಿನಲ್ಲಿ ಯಾರಿಗೂ ಹೇಳ್ಬೇಡ ಕಣಯ್ಯಾ."

"ಹೇಳಿದರೂ ಯಾರೂ ನಂಬುವುದಿಲ್ಲ ಸಾರ್" ಎಂದೆ.